ಪಾಟ್‌ಲಕ್ ಊಟದ ಪಾಸ್ತಾ ಸಲಾಡ್: ನಮ್ಮ ಮಿಡಿಸೌತೆ ಸೇರುವ ಬಟ್ಟಲು

ತುಮಕೂರು, ಹಾಸನ, ಚಿತ್ರದುರ್ಗ, ದಾವಣಗೆರೆ, ಹಾವೇರಿ ಮುಂತಾದ ಜಿಲ್ಲೆಗಳಲ್ಲಿ ಮಿಡಿಸೌತೆ ಬೆಳೆಯುವ ರೈತ ಬಾಂಧವರು ಸಾವಿರಾರು ಮಂದಿ ಇದ್ದಾರೆ. ಬಿತ್ತಿದ 30-35 ದಿನಗಳಿಗೆ ಕೊಯ್ಲು ಆರಂಭವಾಗುತ್ತದೆ. ಅಲ್ಲಿಂದ ಮುಂದೆ ಮನೆಮಂದಿಗೆಲ್ಲ ಬಿಡುವೆಂಬುದಿಲ್ಲ. ದಿನವೂ ಬಳ್ಳಿ ಸರಿಸಿ ನೋಡಿ, ಬೆರಳಿನಷ್ಟು ಉದ್ದದ ಕಾಯಿಗಳನ್ನು ಬಿಡಿಸಿ, ಅಂದೇ ಸಂಗ್ರಹಣಾ ಕೇಂದ್ರಕ್ಕೆ ಮುಟ್ಟಿಸಬೇಕು. ಅಲ್ಲಿ ವಿಂಗಡಣೆಯಾಗಿ, ತೂಕವಾಗಿ, ಚೀಟಿ ಕೈಗೆ ಬಂದರೆ ರೈತನ ಪಾಲಿನ ಕೆಲಸ ಮುಗಿಯಿತು. ಕಾಯಿ ಕಾರ್ಖಾನೆಯ ಪೀಪಾಯಿ ಸೇರುತ್ತದೆ, ಪೀಪಾಯಿ ಹಡಗು ಸೇರುತ್ತದೆ. ಆ ಬಳಿಕ ಅದನ್ನು ಯಾರು ತಿನ್ನುತ್ತಾರೆ, ಹೇಗೆ ತಿನ್ನುತ್ತಾರೆ ಎಂಬುದು ಬೆಳೆದವರಿಗೆ ತಿಳಿಯುವ ಸಂದರ್ಭ ಕಡಿಮೆ.

ತಿಳಿದರೆ ಏನು ಲಾಭ ಎಂದು ಕೇಳಬಹುದು. ತೂಕದ ಕಟ್ಟೆಯ ಮೇಲೆ ನಮ್ಮ ಕಾಯಿ ಏಕೆ ಕೆಳದರ್ಜೆಗೆ ಇಳಿಯಿತು, ಬಾಗಿದ ಕಾಯಿಯನ್ನು ಏಕೆ ಪಕ್ಕಕ್ಕೆ ಎಸೆದರು, ಹೂವು ಅಂಟಿಕೊಂಡಿದ್ದರೆ ಏಕೆ ಗೊಣಗುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಆ ದೂರದ ಊಟದ ತಟ್ಟೆಯಲ್ಲಿದೆ. ಅಂತಹ ಒಂದು ತಿನಿಸನ್ನು, ಅಂದರೆ ಅಮೆರಿಕಾದ ಸಾಮೂಹಿಕ ಊಟಗಳಲ್ಲಿ ಬಡಿಸುವ ಕೆನೆಗೂಡಿದ ಪಾಸ್ತಾ ಸಲಾಡನ್ನು, ಇಲ್ಲಿ ವಿವರಿಸಲಾಗಿದೆ. ಮನೆಯಲ್ಲಿ ಮಾಡಿ ನೋಡಲು ಬೇಕಾದ ಅಳತೆಯನ್ನೂ ಕೊಟ್ಟಿದೆ.

ಪಾಟ್‌ಲಕ್ ಎಂದರೇನು?

ಅಮೆರಿಕಾದಲ್ಲಿ, ಅದರಲ್ಲೂ ಮಿನ್ನೆಸೋಟ, ಅಯೋವಾ, ವಿಸ್ಕಾನ್ಸಿನ್ ಮುಂತಾದ ಮಧ್ಯ-ಪಶ್ಚಿಮದ ಕೃಷಿ ರಾಜ್ಯಗಳಲ್ಲಿ, ಊರ ಜನ ಒಂದೆಡೆ ಸೇರಿ ಉಣ್ಣುವ ಪದ್ಧತಿಯೊಂದಿದೆ. ಚರ್ಚಿನ ನೆಲಮಾಳಿಗೆ, ಶಾಲೆಯ ಸಭಾಂಗಣ, ಇಲ್ಲವೆ ಉದ್ಯಾನದ ಮರದ ನೆರಳು, ಎಲ್ಲಿ ಸೇರಿದರೂ ಅಡುಗೆಯವರನ್ನು ಗೊತ್ತುಮಾಡುವುದಿಲ್ಲ. ಪ್ರತಿಯೊಂದು ಮನೆಯವರೂ ಒಂದೊಂದು ಪದಾರ್ಥ ಮಾಡಿ ತರುತ್ತಾರೆ. ಉದ್ದನೆಯ ಮೇಜಿನ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟು, ತಮತಮಗೆ ಬೇಕಾದುದನ್ನು ಬಡಿಸಿಕೊಂಡು ತಿನ್ನುತ್ತಾರೆ. ಇದೇ ಪಾಟ್‌ಲಕ್. ನಮ್ಮಲ್ಲಿ ಓಣಿಯವರೆಲ್ಲ ಮನೆಮನೆಯ ಬುತ್ತಿ ತಂದು ಕಲೆತು ಉಣ್ಣುವ ಬೆಳದಿಂಗಳೂಟವನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರ ಕೂಟಗಳಲ್ಲಿಯೂ ಹಬ್ಬದ ಊಟ ಎಷ್ಟೋ ವೇಳೆ ಇದೇ ಕ್ರಮದಲ್ಲಿ ನಡೆಯುತ್ತದೆ. ಅಲ್ಲಿ ಬಿಸಿಬೇಳೆ ಭಾತಿನ ಪಕ್ಕದಲ್ಲೇ ಪಾಸ್ತಾದ ಬಟ್ಟಲೂ ಇರುವುದುಂಟು.

ಇಂತಹ ಊಟಕ್ಕೆ ಒಯ್ಯುವ ಪದಾರ್ಥಕ್ಕೆ ಕೆಲವು ಗುಣಗಳು ಬೇಕು. ಹಿಂದಿನ ದಿನವೇ ಮಾಡಿಡುವಂತಿರಬೇಕು. ಮತ್ತೆ ಬಿಸಿ ಮಾಡುವ ಗೊಡವೆ ಇರಬಾರದು. ಗಾಡಿಯಲ್ಲಿ ಕುಲುಕಿದರೂ ಕೆಡಬಾರದು. ಅಗ್ಗವಾಗಿರಬೇಕು, ಮಕ್ಕಳೂ ಮುದುಕರೂ ತಿನ್ನುವಂತಿರಬೇಕು. ತಣ್ಣಗೆ ಬಡಿಸುವ ಪಾಸ್ತಾ ಸಲಾಡಿನಲ್ಲಿ ಇವೆಲ್ಲವೂ ಇವೆ. ಜುಲೈ 4ರ ಸ್ವಾತಂತ್ರ್ಯ ದಿನದ ಕೂಟವಿರಲಿ, ಬೇಸಿಗೆಯ ಯಾವುದೇ ಸಮಾರಂಭವಿರಲಿ, ಮೇಜಿನ ಮೇಲೆ ಇದರ ಒಂದು ಬಟ್ಟಲಾದರೂ ಇರುತ್ತದೆ.

ಆದರೆ ಇದರಲ್ಲಿ ಒಂದು ಕೊರತೆಯೂ ಇದೆ. ಬೆಂದ ಪಾಸ್ತಾ ಮೆತ್ತಗೆ. ಅದಕ್ಕೆ ಕಲಸುವ ಮಯೊನೇಸು ಇನ್ನೂ ಮೆತ್ತಗೆ, ಮೇಲಾಗಿ ಜಿಡ್ಡು. ನಾಲ್ಕು ಚಮಚ ತಿನ್ನುವಷ್ಟರಲ್ಲಿ ಬಾಯಿ ಕಟ್ಟಿದಂತಾಗುತ್ತದೆ. ಅಲ್ಲಲ್ಲಿ ಹಲ್ಲಿಗೆ ಕರುಂ ಎಂದು ಸಿಕ್ಕಿ, ಹುಳಿಯಿಂದ ಜಿಡ್ಡನ್ನು ಮುರಿಯುವ ವಸ್ತು ಒಂದು ಬೇಕು. ಆ ಕೆಲಸವನ್ನು ಮಾಡುವುದೇ ಸೌತೆ ಮಿಡಿಯ ಉಪ್ಪಿನಕಾಯಿ. ಕಾಯಿ ಮೆತ್ತಗಾಗಿದ್ದರೆ ಅದನ್ನು ಹಾಕಿಯೂ ಪ್ರಯೋಜನವಿಲ್ಲ. ಕಾರ್ಖಾನೆಯವರು ಕಾಯಿಯ ಗಟ್ಟಿತನಕ್ಕೆ ಅಷ್ಟೊಂದು ಮಹತ್ವ ಕೊಡುವುದು ಇದರಿಂದಲೇ.

ಆ ಉಪ್ಪಿನಕಾಯಿ ನಮ್ಮದರಂತಲ್ಲ

ಎಣ್ಣೆ, ಮೆಣಸಿನ ಪುಡಿ, ಮೆಂತ್ಯ ಇವು ಯಾವುವೂ ಅದರಲ್ಲಿಲ್ಲ. ಮಲೆನಾಡಿನಲ್ಲಿ ಅಪ್ಪೆಮಿಡಿಯನ್ನು ಮೊದಲು ಉಪ್ಪುನೀರಿನಲ್ಲಿ ಹಾಕಿಡುತ್ತಾರಲ್ಲ, ಆ ಹಂತಕ್ಕೇ ನಿಲ್ಲಿಸಿದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಮಾಡುವ ವಿಧಾನ ಎರಡು. ಒಂದರಲ್ಲಿ ಕಾಯಿಯನ್ನು ಬರಿಯ ಉಪ್ಪುನೀರಿನಲ್ಲಿ ಮುಳುಗಿಸಿ ಕೆಲವು ವಾರ ಹುಳಿಯಲು ಬಿಡುತ್ತಾರೆ. ಕಾಯಿಯ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹಾಲು ಮೊಸರಾಗುವಾಗ ಹುಟ್ಟುವುದೂ ಇದೇ ಆಮ್ಲ. ಇನ್ನೊಂದರಲ್ಲಿ ವಿನೆಗರು, ನೀರು, ಉಪ್ಪು ಕಾಯಿಸಿ ನೇರವಾಗಿ ಕಾಯಿಯ ಮೇಲೆ ಸುರಿಯುತ್ತಾರೆ. ಇದು ಬೇಗ ಆಗುವ ಕೆಲಸ.

ಎರಡಕ್ಕೂ ಪರಿಮಳ ಕೊಡುವ ಸೊಪ್ಪನ್ನು ಅವರು ಡಿಲ್ ಎನ್ನುತ್ತಾರೆ. ಹೆಸರು ಕೇಳಿ ಇದಾವುದೋ ಅಪರೂಪದ ವಿದೇಶಿ ಸಸ್ಯವೆಂದು ತಿಳಿಯಬೇಕಿಲ್ಲ. ನಮ್ಮ ಸಬ್ಬಸಿಗೆ ಸೊಪ್ಪೇ ಅದು. ಅಲ್ಲಿ ಎಲೆಯೊಡನೆ ಹೂಗೊಂಚಲು ಮತ್ತು ಬೀಜವನ್ನೂ ಬಳಸುತ್ತಾರೆ, ಜೊತೆಗೆ ಬೆಳ್ಳುಳ್ಳಿ, ಸಾಸಿವೆ, ಕಾಳುಮೆಣಸು. ಸಕ್ಕರೆ ಹಾಕಿದ ಸಿಹಿ ಬಗೆಯೂ ಇದೆಯಾದರೂ ಈ ಸಲಾಡಿಗೆ ಸಬ್ಬಸಿಗೆಯ ಹುಳಿ ಬಗೆಯೇ ತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ.

ಸೌತೆಯನ್ನು ಅಮೆರಿಕಾದಲ್ಲಿಯೇ ಬೆಳೆಯುವುದಿಲ್ಲವೇ ಎಂದರೆ, ಬೆಳೆಯುತ್ತಾರೆ. ಮಿಷಿಗನ್ ರಾಜ್ಯ ಉಪ್ಪಿನಕಾಯಿ ಸೌತೆಗೆ ಹೆಸರಾದುದು. ಆದರೆ ಅಲ್ಲಿ ಬಹುಪಾಲು ಕೊಯ್ಲು ಯಂತ್ರದಿಂದ. ಯಂತ್ರವು ಬಳ್ಳಿಯನ್ನೇ ಎತ್ತಿ ಒಂದೇ ಸಲಕ್ಕೆ ಕಾಯಿಯೆಲ್ಲವನ್ನೂ ಬೇರ್ಪಡಿಸುತ್ತದೆ. ಬೆರಳಿನ ಗಾತ್ರದ ಎಳೆಯ ಮಿಡಿಗಳನ್ನಷ್ಟೇ ದಿನದಿನವೂ ಆರಿಸಿ ಬಿಡಿಸುವುದು ಕೈಯಿಂದಲೇ ಆಗಬೇಕಾದ ಕೆಲಸ. ಅಲ್ಲಿನ ಕೂಲಿಯ ದರಕ್ಕೆ ಅದು ಕಷ್ಟಸಾಧ್ಯ. ಚಿಕ್ಕ ಮಿಡಿಯ ಬೇಸಾಯ ನಮ್ಮ ಕಡೆಗೆ ಬರಲು ಇದೊಂದು ಮುಖ್ಯ ಕಾರಣ. ವರ್ಷದ ಹೆಚ್ಚಿನ ಕಾಲ ಬೆಳೆಯಬಹುದಾದ ನಮ್ಮ ಹವೆ ಇನ್ನೊಂದು. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಣ್ಣ ಪ್ರಮಾಣದಲ್ಲಿ ಮೊದಲಾದ ಈ ಬೆಳೆ ಬಳಿಕ ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣಗಳಿಗೆ ಹರಡಿತು. ಕೇಂದ್ರ ವಾಣಿಜ್ಯ ಸಚಿವಾಲಯವು 2022ರ ಜನವರಿಯಲ್ಲಿ ಪ್ರಕಟಿಸಿದಂತೆ, 2020-21ರಲ್ಲಿ ಭಾರತದಿಂದ ಹೊರಗೆ ಹೋದ ಸೌತೆ ಮತ್ತು ಮಿಡಿಸೌತೆಯ ಪ್ರಮಾಣ 2,23,515 ಟನ್ನು, ಬೆಲೆ 22.3 ಕೋಟಿ ಡಾಲರು. ಸುಮಾರು 65,000 ಎಕರೆಯಲ್ಲಿ 90,000 ಸಣ್ಣ ಮತ್ತು ಅತಿಸಣ್ಣ ರೈತರು ಒಪ್ಪಂದದ ಮೇಲೆ ಇದನ್ನು ಬೆಳೆಯುತ್ತಿದ್ದರು.

ಇಷ್ಟಾಗಿಯೂ ಈ ಕಾಯಿಗೆ ನಮ್ಮ ಸಂತೆಯಲ್ಲಿ ಗಿರಾಕಿ ಇಲ್ಲವೆಂದೇ ಹೇಳಬೇಕು. ಕಂಪನಿಯ ವಾಹನ ಒಂದು ದಿನ ಬಾರದಿದ್ದರೆ ಟೊಮೇಟೊದಂತೆ ಬುಟ್ಟಿ ಹೊತ್ತು ಪೇಟೆಗೆ ಹೋಗುವಂತಿಲ್ಲ. ದರ್ಜೆಯಿಂದ ಹೊರಬಿದ್ದ ಕಾಯಿ ದನದ ಮುಂದೆ ಬೀಳುತ್ತದೆ. ಬೆಳೆದವರು ತಿನ್ನಲು ಕಲಿಯದ ಬೆಳೆಯ ಪಾಡು ಇದು.

ಗರಿಗರಿತನ ಹೊಲದಲ್ಲೇ ನಿರ್ಧಾರವಾಗುತ್ತದೆ

ಕಾಯಿಯನ್ನು ಗಟ್ಟಿಯಾಗಿ ಹಿಡಿದಿಡುವುದು ಅದರ ಜೀವಕೋಶಗಳ ನಡುವಣ ಪೆಕ್ಟಿನ್ ಎಂಬ ಅಂಟುವಸ್ತು. ಗೋಡೆಯ ಇಟ್ಟಿಗೆಗಳ ನಡುವಿನ ಗಾರೆಯಂತೆ ಅದು. ಪೆಕ್ಟಿನ್ ಕರಗಿದರೆ ಕಾಯಿ ಮೆತ್ತಗಾಗುತ್ತದೆ. ಅದನ್ನು ಕರಗಿಸುವ ಕಿಣ್ವಗಳು ಹೆಚ್ಚಾಗಿ ಸೇರುವುದು ಕಾಯಿಯ ಹೂವಿನ ತುದಿಯಲ್ಲಿ. ಒಣಗಿ ಅಂಟಿಕೊಂಡ ಹೂವಿನಲ್ಲಿ ಶಿಲೀಂಧ್ರಗಳು ಬೆಳೆದು ಈ ಕಿಣ್ವಗಳನ್ನು ಹುಟ್ಟಿಸುತ್ತವೆ. ಪೀಪಾಯಿಯಲ್ಲಿ ನಾಲ್ಕು ಹೂವುಳ್ಳ ಕಾಯಿ ಸೇರಿದರೆ ಕಿಣ್ವ ಉಪ್ಪುನೀರಿನಲ್ಲಿ ಬೆರೆತು ಉಳಿದ ಕಾಯಿಗಳನ್ನೂ ಮುಟ್ಟುತ್ತದೆ. ಬಿಡಿಸುವಾಗಲೇ ಹೂವನ್ನು ಬೆರಳಿನಿಂದ ಉಜ್ಜಿ ತೆಗೆಯಿರಿ ಎಂದು ಕ್ಷೇತ್ರ ಸಹಾಯಕರು ಹೇಳುವುದು ಬರಿಯ ಅಂದಕ್ಕಲ್ಲ.

ಇನ್ನು ಗಾತ್ರದ ಮಾತು. 160ರ ದರ್ಜೆ ಎಂದರೆ ಒಂದು ಕಿಲೋಗೆ 160 ಅಥವಾ ಅದಕ್ಕೂ ಹೆಚ್ಚು ಕಾಯಿ ತೂಗಬೇಕು. ಒಂದು ಕಾಯಿಗೆ ಹೆಚ್ಚೆಂದರೆ 6 ಗ್ರಾಂ. 60ರಿಂದ 100ರ ದರ್ಜೆಯಲ್ಲಿ ಒಂದು ಕಾಯಿ 10ರಿಂದ 17 ಗ್ರಾಂ. 30ರಿಂದ 60ರಲ್ಲಿ 17ರಿಂದ 33 ಗ್ರಾಂ. ಕಾಯಿ ದಪ್ಪವಾದಂತೆ ಕಿಲೋ ದರ ಇಳಿಯುತ್ತದೆ. ತೂಕ ಹೆಚ್ಚಿ ಬಂದೀತೆಂದು ಒಂದು ದಿನ ಕಾಯುವ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಆದರೆ ಎಳೆಯ ಮಿಡಿಯಲ್ಲಿ ಬೀಜ ಇನ್ನೂ ಬಲಿತಿರುವುದಿಲ್ಲ, ಒಳಗೆಲ್ಲ ತಿರುಳು ತುಂಬಿರುತ್ತದೆ. ಬೆಳೆದ ಕಾಯಿಯಲ್ಲಿ ನಡುವೆ ಲೋಳೆ ಸೇರಿ, ಕತ್ತರಿಸಿದರೆ ಬೀಜದ ಭಾಗ ಕಳಚಿ ಬೀಳುತ್ತದೆ. ಸಲಾಡಿನಲ್ಲಿ ಅದು ನೀರು ಬಿಟ್ಟು ಮಿಶ್ರಣವನ್ನೆಲ್ಲ ತೆಳ್ಳಗೆ ಮಾಡುತ್ತದೆ. ಇದಲ್ಲದೆ, ಬಳ್ಳಿಯಲ್ಲಿ ಒಂದು ಕಾಯಿ ದಪ್ಪವಾಗಲು ಬಿಟ್ಟರೆ ಬಳ್ಳಿಯ ಸತ್ವವನ್ನೆಲ್ಲ ಅದೇ ಎಳೆದುಕೊಂಡು ಹೊಸ ಮಿಡಿ ಕಚ್ಚುವುದು ಕಡಿಮೆಯಾಗುತ್ತದೆ. ಎಲೆಯ ಮರೆಯಲ್ಲಿ ಕಣ್ತಪ್ಪಿ ಉಳಿದ ಕಾಯಿಯನ್ನು ಮಾರಾಟಕ್ಕೆ ಬಾರದಿದ್ದರೂ ಕಿತ್ತು ಹಾಕಬೇಕು.

ನೀರು ಒಮ್ಮೆ ಹೆಚ್ಚಾಗಿ ಒಮ್ಮೆ ಒಣಗಿದರೆ ಕಾಯಿ ಒಳಗೆ ಟೊಳ್ಳಾಗುವುದುಂಟು. ಬಿಸಿಲು ಜೋರಾಗಿ ನೀರಿನ ಕೊರತೆಯಾದರೆ ಕಹಿಯಾಗುತ್ತದೆ. ಪರಾಗಸ್ಪರ್ಶ ಬೇಕಾದ ತಳಿಗಳಲ್ಲಿ ಜೇನ್ನೊಣಗಳ ಓಡಾಟ ಕಡಿಮೆಯಾದರೆ ಕಾಯಿ ಒಂದು ಕಡೆ ತುಂಬಿ ಇನ್ನೊಂದು ಕಡೆ ಸೊರಗಿ ಬಾಗುತ್ತದೆ. ಬಾಗಿದ ಕಾಯಿ ಸೀಸೆಯಲ್ಲಿ ಸಾಲಾಗಿ ನಿಲ್ಲದು, ಯಂತ್ರದಲ್ಲಿ ಸಮನಾದ ಬಿಲ್ಲೆಯಾಗದು. ಬೆಳಗಿನ ಹೊತ್ತು, ಹೂವು ಅರಳಿ ಜೇನು ಬರುವ ವೇಳೆಯಲ್ಲಿ ಔಷಧಿ ಸಿಂಪಡಿಸಬಾರದು. ಔಷಧಿಯ ವಿಷಯದಲ್ಲಿ ಮತ್ತೊಂದು ತೊಡಕೂ ಇದೆ: ದಿನವೂ ಕೊಯ್ಯುವ ಬೆಳೆಯಲ್ಲಿ ಸಿಂಪರಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳನ್ನು ಬಿಡುವುದು ಸುಲಭವಲ್ಲ. ಪಾಟ್‌ಲಕ್ ಮೇಜಿನಲ್ಲಿ ಆ ಬಿಲ್ಲೆಗಳನ್ನು ಹೆಕ್ಕಿ ತಿನ್ನುವವರಲ್ಲಿ ಮಕ್ಕಳೇ ಹೆಚ್ಚು. ಶೇಷಾಂಶ ಕಂಡರೆ ಕಂಟೇನರು ಬಂದರಿನಿಂದಲೇ ಹಿಂದಿರುಗಬಹುದು. ಕಂಪನಿ ಸೂಚಿಸಿದ ಔಷಧಿಯನ್ನು ಬಿಟ್ಟು ಬೇರೆಯದನ್ನು ಬಳಸದಿರುವುದೇ ಕ್ಷೇಮ.

ಪಾಸ್ತಾಕ್ಕೆ ತಕ್ಕ ಗೋಧಿ

ಪಾಸ್ತಾ ಎಂದರೆ ಗೋಧಿ ರವೆಯನ್ನು ನೀರಿನಲ್ಲಿ ಗಟ್ಟಿಯಾಗಿ ನಾದಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿದ ಪದಾರ್ಥ. ನಮ್ಮ ಶಾವಿಗೆಯ ನೆಂಟ. ಮೂಲ ಇಟಲಿಯಾದರೂ ಅಮೆರಿಕನ್ನರಿಗೆ ಈಗ ನಿತ್ಯದ ಆಹಾರ. ಒಳ್ಳೆಯ ಪಾಸ್ತಾಕ್ಕೆ ಡ್ಯೂರಮ್ ಗೋಧಿಯೇ ಬೇಕು. ಇದರ ಕಾಳು ಗಡಸು, ರವೆ ಹಳದಿ, ಪ್ರೋಟೀನು ಹೆಚ್ಚು. ಬೇಯುವಾಗ ಪ್ರೋಟೀನಿನ ಬಲೆಯೊಳಗೆ ಪಿಷ್ಟ ಸಿಕ್ಕಿಕೊಂಡಿರುವುದರಿಂದ ತುಂಡುಗಳು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಉಳಿಯುತ್ತವೆ. ಅಮೆರಿಕಾದಲ್ಲಿ ಈ ಗೋಧಿಗೆ ಉತ್ತರ ಡಕೋಟ ರಾಜ್ಯ ಪ್ರಸಿದ್ಧ. 1900ರ ಆಸುಪಾಸಿನಲ್ಲಿ ಆ ದೇಶದ ಕೃಷಿ ಇಲಾಖೆಯ ಮಾರ್ಕ್ ಕಾರ್ಲ್‌ಟನ್ ಎಂಬ ವಿಜ್ಞಾನಿ ರಷ್ಯಾದಿಂದ ಬರಗಾಲ ತಡೆಯುವ ಡ್ಯೂರಮ್ ತಳಿಗಳನ್ನು ತಂದು ಅಲ್ಲಿ ಹರಡಿದರು.

ನಮ್ಮ ಧಾರವಾಡ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಕಪ್ಪು ನೆಲದಲ್ಲಿ ಹಿಂಗಾರಿಗೆ ಬರಿಯ ತೇವದ ಮೇಲೆ ಬೆಳೆಯುವ ಬಿಜಗಾ ಹಳದಿಯೂ ಡ್ಯೂರಮ್ ಜಾತಿಯದೇ. ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಯುಎಎಸ್-415, ಯುಎಎಸ್-446 ಇವೂ ಡ್ಯೂರಮ್ ತಳಿಗಳು. ಅಂಗಡಿಯಲ್ಲಿ ಪಾಸ್ತಾ ಕೊಳ್ಳುವಾಗ ಪೊಟ್ಟಣದ ಮೇಲೆ ಡ್ಯೂರಮ್ ಗೋಧಿ ರವೆ ಎಂದು ಬರೆದಿರುವುದನ್ನೇ ಆರಿಸಬೇಕು. ಮೈದಾದಿಂದ ಮಾಡಿದ್ದು ಅಗ್ಗವಿರಬಹುದು, ಸಲಾಡಿಗೆ ಹಾಕಿದರೆ ಮಾತ್ರ ಮುದ್ದೆಯಾಗುತ್ತದೆ. ಆಕಾರದಲ್ಲಿ ಚಿಕ್ಕ ಚಿಪ್ಪಿನಂತಹುದು ಇಲ್ಲವೆ ತಿರುಪಿನಂತಹುದು ಒಳ್ಳೆಯದು. ಅವುಗಳ ಗುಳಿಯಲ್ಲಿ ಮಿಶ್ರಣ ನಿಲ್ಲುತ್ತದೆ. ಉದ್ದನೆಯ ಎಳೆ ಬೇಡ.

ಕೆನೆಯ ಮಿಶ್ರಣ

ಮಯೊನೇಸು ಎಂದರೆ ಮೊಟ್ಟೆಯ ಹಳದಿ, ಹುಳಿ ಮತ್ತು ಎಣ್ಣೆ ಸೇರಿಸಿ ಕಡೆದ ಗಟ್ಟಿ ಕೆನೆ. ಎಣ್ಣೆಯೂ ನೀರೂ ಬೆರೆಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಹಳದಿಯಲ್ಲಿರುವ ಲೆಸಿಥಿನ್ ಎಂಬ ವಸ್ತು ಎಣ್ಣೆಯ ಸೂಕ್ಷ್ಮ ಹನಿಗಳ ಸುತ್ತ ಕವಚದಂತೆ ನಿಂತು, ಅವು ಮತ್ತೆ ಒಂದಾಗದಂತೆ ತಡೆಯುತ್ತದೆ. ಎಣ್ಣೆಯನ್ನು ಆರಂಭದಲ್ಲಿ ತೊಟ್ಟುತೊಟ್ಟಾಗಿ ಹಾಕಬೇಕೆನ್ನುವುದು ಈ ಕಾರಣಕ್ಕೆ. ಒಮ್ಮೆಲೇ ಸುರಿದರೆ ಒಡೆದುಹೋಗುತ್ತದೆ.

ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುವ ಸಂಭವವಿದೆ. ಆದ್ದರಿಂದ ಹಲವರು ತಿನ್ನುವ ಊಟಕ್ಕೆ ಮನೆಯಲ್ಲಿ ಹಸಿ ಮೊಟ್ಟೆಯ ಮಯೊನೇಸು ಮಾಡುವುದನ್ನು ನಾವು ಶಿಫಾರಸು ಮಾಡುವುದಿಲ್ಲ. ಅಂಗಡಿಯದನ್ನು ಕೊಳ್ಳಬಹುದು. ಇಲ್ಲವಾದರೆ ಮೊಟ್ಟೆಯಿಲ್ಲದ ಸುಲಭ ಕ್ರಮವೊಂದಿದೆ: ಕಾಯಿಸಿ ಆರಿಸಿ ತಣ್ಣಗಾದ ಹಾಲು 100 ಮಿಲಿಲೀಟರು, ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ 200 ಮಿಲಿಲೀಟರು, ಅರ್ಧ ಚಹಾ ಚಮಚ ಸಾಸಿವೆ ಪುಡಿ, ಚಿಟಿಕೆ ಉಪ್ಪು. ಹಾಲನ್ನು ಮಿಕ್ಸಿಗೆ ಹಾಕಿ ತಿರುಗಿಸುತ್ತ ಎಣ್ಣೆಯನ್ನು ಸಣ್ಣ ಧಾರೆಯಲ್ಲಿ ಬಿಡಬೇಕು. ಗಟ್ಟಿಯಾದ ಮೇಲೆ ಎರಡು ಚಹಾ ಚಮಚ ವಿನೆಗರು ಇಲ್ಲವೆ ನಿಂಬೆರಸ ಸೇರಿಸಿದರೆ ಇನ್ನಷ್ಟು ಬಿಗಿಯುತ್ತದೆ. ಇಲ್ಲಿ ಲೆಸಿಥಿನ್‌ನ ಕೆಲಸವನ್ನು ಹಾಲಿನ ಪ್ರೋಟೀನು ಮಾಡುತ್ತದೆ.

ಅಮೆರಿಕನ್ನರು ಮಯೊನೇಸಿನ ಜೊತೆಗೆ ಹುಳಿಗೆನೆಯನ್ನೂ ಸೇರಿಸುತ್ತಾರೆ. ಅದರ ಬದಲು ನಮ್ಮ ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಮೂರು-ನಾಲ್ಕು ಗಂಟೆ ತೂಗುಹಾಕಿ, ನೀರು ಇಳಿಸಿ ಬಳಸಬಹುದು. ಎಮ್ಮೆ ಹಾಲಿನ ಮೊಸರಾದರೆ ಹುಳಿಗೆನೆಗಿಂತ ಏನೂ ಕಡಿಮೆಯಲ್ಲ.

ಮಾಡುವ ವಿಧಾನ

ಸುಮಾರು 20 ಮಂದಿಗೆ, ಊಟದ ಜೊತೆಯ ಪದಾರ್ಥವಾಗಿ, ಬೇಕಾಗುವ ಸಾಮಗ್ರಿ: ಒಣ ಪಾಸ್ತಾ 1 ಕಿಲೋ, ಮಿಡಿಸೌತೆ ಉಪ್ಪಿನಕಾಯಿ 500 ಗ್ರಾಂ, ಅದರ ಉಪ್ಪುಹುಳಿ ನೀರು 300 ಮಿಲಿಲೀಟರು, ಮಯೊನೇಸು 650 ಗ್ರಾಂ, ನೀರಿಳಿಸಿದ ಮೊಸರು 350 ಗ್ರಾಂ, ಚೀಸು 300 ಗ್ರಾಂ, ಈರುಳ್ಳಿ 150 ಗ್ರಾಂ, ಸಬ್ಬಸಿಗೆ ಸೊಪ್ಪು ಒಂದು ಸಣ್ಣ ಕಟ್ಟು, ಕುಟ್ಟಿದ ಕಾಳುಮೆಣಸು 2 ಚಹಾ ಚಮಚ. ಉಪ್ಪನ್ನು ಕೊನೆಗೆ ರುಚಿ ನೋಡಿಯೇ ಹಾಕಬೇಕು. ಉಪ್ಪಿನಕಾಯಿಯಲ್ಲೂ ಚೀಸಿನಲ್ಲೂ ಸಾಕಷ್ಟು ಇರುತ್ತದೆ.

ದೊಡ್ಡ ಪಾತ್ರೆಯಲ್ಲಿ 8 ಲೀಟರು ನೀರು ಕುದಿಸಿ, ಸ್ವಲ್ಪ ಉಪ್ಪು ಹಾಕಿ ಪಾಸ್ತಾ ಬೇಯಿಸಬೇಕು. ಬಿಸಿಯಾಗಿ ತಿನ್ನುವ ಪಾಸ್ತಾವನ್ನು ಸ್ವಲ್ಪ ಗಟ್ಟಿಯಿರುವಾಗಲೇ ಇಳಿಸುವುದು ವಾಡಿಕೆ. ತಣ್ಣಗೆ ತಿನ್ನುವುದಕ್ಕೆ ಅದು ಸಲ್ಲದು. ಅನ್ನ ಆರಿದಾಗ ಬಿರುಸಾಗುವಂತೆ ಪಾಸ್ತಾದ ಪಿಷ್ಟವೂ ತಣಿದಾಗ ಗಡಸಾಗುತ್ತದೆ. ಆದ್ದರಿಂದ ಪೊಟ್ಟಣದಲ್ಲಿ ಹೇಳಿದ್ದಕ್ಕಿಂತ ಒಂದೆರಡು ನಿಮಿಷ ಹೆಚ್ಚಾಗಿಯೇ ಬೇಯಿಸಬೇಕು. ತೂತಿನ ಪಾತ್ರೆಗೆ ಬಸಿದು, ಮೇಲೆ ಶುದ್ಧವಾದ ತಣ್ಣೀರು ಸುರಿದು ಬಿಸಿಯನ್ನೆಲ್ಲ ತೆಗೆಯಬೇಕು. ಮೇಲ್ಮೈಯ ಗಂಜಿಯೂ ಇದರಿಂದ ತೊಳೆದುಹೋಗುತ್ತದೆ. ನೀರು ಪೂರ್ತಿ ಇಳಿಯುವವರೆಗೆ ಬಿಡಬೇಕು. ಬಿಸಿ ಪಾಸ್ತಾಕ್ಕೆ ಮಯೊನೇಸು ಹಾಕಿದರೆ ಎಣ್ಣೆ ಬೇರೆಯಾಗಿ ಬಟ್ಟಲಿನ ತಳಕ್ಕೆ ಇಳಿಯುತ್ತದೆ. ಮೊದಲ ಸಲ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಆರಿದ ಪಾಸ್ತಾದ ಮೇಲೆ ಉಪ್ಪುಹುಳಿ ನೀರಿನ ಮೂರರಲ್ಲಿ ಎರಡು ಭಾಗ ಸುರಿದು ಕಲಸಿ, ಹತ್ತು ನಿಮಿಷ ಬಿಡಬೇಕು. ಈ ಕೆಲಸವನ್ನು ಬಿಟ್ಟವರೇ ಹೆಚ್ಚು. ಪಾಸ್ತಾ ತಾನು ಸಪ್ಪೆ. ಹುಳಿ ಒಳಗೆ ಇಳಿಯದೆ ಮೇಲಿನ ಮಿಶ್ರಣದಲ್ಲಷ್ಟೇ ಇದ್ದರೆ ಅಗಿದಾಗ ಹಿಟ್ಟು ಹಿಟ್ಟಾಗಿ ತೋರುತ್ತದೆ. ಹೀರದೆ ಉಳಿದ ನೀರನ್ನು ಚೆಲ್ಲಬೇಕು. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಹಿಂಡಿದರೆ ಘಾಟು ಕಡಿಮೆಯಾಗುತ್ತದೆ. ಉಪ್ಪಿನಕಾಯಿಯನ್ನು ಬಟ್ಟೆಯಿಂದ ಒರೆಸಿ ಕಾಲು ಅಂಗುಲದ ಬಿಲ್ಲೆಗಳಾಗಿ ಕತ್ತರಿಸಬೇಕು. ತೀರ ಸಣ್ಣಗೆ ಕೊಚ್ಚಿದರೆ ಹಲ್ಲಿಗೆ ಸಿಕ್ಕುವುದೇ ಇಲ್ಲ. ಚೀಸನ್ನು ಅದೇ ಗಾತ್ರದ ಚೌಕಗಳಾಗಿ ಮಾಡಬೇಕು.

ಮಯೊನೇಸು, ಮೊಸರು, ಉಳಿದ ಉಪ್ಪುಹುಳಿ ನೀರು, ಕಾಳುಮೆಣಸು, ಹೆಚ್ಚಿದ ಸಬ್ಬಸಿಗೆ ಇಷ್ಟನ್ನು ಬೇರೆ ಪಾತ್ರೆಯಲ್ಲಿ ಕಲಸಿ, ಅದರಲ್ಲಿ ಕಾಲು ಭಾಗ ತೆಗೆದಿಟ್ಟು, ಉಳಿದುದನ್ನು ಪಾಸ್ತಾಕ್ಕೆ ಸೇರಿಸಬೇಕು. ಮೇಲೆ ಬಿಲ್ಲೆ, ಚೀಸು, ಈರುಳ್ಳಿ ಹಾಕಿ ಮೆಲ್ಲನೆ ತಿರುವಿ ಫ್ರಿಜ್‌ನಲ್ಲಿ ನಾಲ್ಕು ಗಂಟೆಯಾದರೂ ಇಡಬೇಕು. ಇಷ್ಟು ಹೊತ್ತಿಗೆ ಪಾಸ್ತಾ ಮಿಶ್ರಣವನ್ನು ಹೀರಿ ಒಣಗಿದಂತೆ ಕಾಣುತ್ತದೆ. ಬಡಿಸುವ ಮುನ್ನ ತೆಗೆದಿಟ್ಟ ಕಾಲು ಭಾಗವನ್ನು ಸೇರಿಸಿದರೆ ಮತ್ತೆ ಕೆನೆಯಂತಾಗುತ್ತದೆ. ಒಂದು ಬಿಲ್ಲೆ ಬಾಯಿಗೆ ಹಾಕಿ ನೋಡಿ. ಪಕ್ಕದಲ್ಲಿರುವವರಿಗೆ ಸದ್ದು ಕೇಳಿಸುವಂತಿರಬೇಕು.

ಕೆಡದಂತೆ ಎಚ್ಚರಿಕೆ

ಕೂಟದ ಊಟದಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ ಎಲ್ಲರೂ ಮಯೊನೇಸನ್ನು ದೂರುತ್ತಾರೆ. ಅಂಗಡಿಯ ಮಯೊನೇಸು ಹುಳಿಯಾದ್ದರಿಂದ ಅದರಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯಲಾರವು. ಬೆಂದ ಪಾಸ್ತಾದಂತಹ ಪಿಷ್ಟದ ಪದಾರ್ಥ ಬೆಚ್ಚಗೆ ಹೆಚ್ಚು ಹೊತ್ತು ಉಳಿಯುವುದು, ಕೈತೊಳೆಯದೆ ಕಲಸುವುದು, ಇವೇ ಹೆಚ್ಚಾಗಿ ಕಾರಣ. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಣ ಶಾಖದಲ್ಲಿ ರೋಗಾಣುಗಳು ವೇಗವಾಗಿ ವೃದ್ಧಿಯಾಗುತ್ತವೆ. ಅಮೆರಿಕಾದ ಕೃಷಿ ಇಲಾಖೆ ತನ್ನ ಜನರಿಗೆ ಹೇಳುವ ನಿಯಮ ಇದು: ಇಂತಹ ಆಹಾರ ಫ್ರಿಜ್‌ನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗಿನ ಶಾಖ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ. ನಮ್ಮ ಬೇಸಿಗೆಯಲ್ಲಿ ಆ ಒಂದು ಗಂಟೆಯ ಲೆಕ್ಕವನ್ನೇ ಹಿಡಿಯಬೇಕು. ದೊಡ್ಡ ತಟ್ಟೆಯಲ್ಲಿ ಮಂಜುಗಡ್ಡೆ ಹರಡಿ ಅದರ ಮೇಲೆ ಬಟ್ಟಲನ್ನಿಡುವುದು ಒಳ್ಳೆಯ ಕ್ರಮ. ಫ್ರಿಜ್ ಇಲ್ಲದವರು ಇದನ್ನು ಮಾಡಿಟ್ಟುಕೊಳ್ಳಲೇಬಾರದು. ಊಟಕ್ಕೆ ಸ್ವಲ್ಪ ಮುಂಚೆ ಪಾಸ್ತಾ ಬೇಯಿಸಿ ತಣ್ಣೀರಿನಲ್ಲಿ ತಣಿಸಿ, ಅಲ್ಲಿಯೇ ಕಲಸಿ, ಕೂಡಲೆ ಬಡಿಸಿ ಮುಗಿಸಬೇಕು. ರುಚಿ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ.

ಮನೆಯಲ್ಲೇ ಉಪ್ಪಿನಕಾಯಿ

ಮಿಡಿಸೌತೆ ಬೆಳೆಯುವವರ ಮನೆಯಲ್ಲಿ ಸೀಸೆಯ ಉಪ್ಪಿನಕಾಯಿಯನ್ನು ಹಣ ಕೊಟ್ಟು ತರುವ ಅಗತ್ಯವಿಲ್ಲ. ಗಾತ್ರ ಮೀರಿದುದು, ಸ್ವಲ್ಪ ಬಾಗಿದುದು, ಹೀಗೆ ದರ್ಜೆಯಿಂದ ಹೊರಬಿದ್ದ ಕಾಯಿಯೇ ಸಾಕು. ಗಾಯವಾದುದು, ಕೊಳೆತುದು, ಕಹಿಯಾದುದು ಬೇಡ. ಔಷಧಿ ಸಿಂಪಡಿಸಿ ನಿಗದಿಯಾದ ದಿನಗಳು ಕಳೆಯದ ಕಾಯಿಯಂತೂ ಖಂಡಿತ ಬೇಡ.

1 ಕಿಲೋ ಕಾಯಿಯನ್ನು ಚೆನ್ನಾಗಿ ತೊಳೆದು, ಹೂವಿನ ತುದಿಯಿಂದ ಎರಡು ಮಿಲಿಮೀಟರಿನಷ್ಟು ಕತ್ತರಿಸಿ ತೆಗೆಯಬೇಕು. ಯಾವ ತುದಿ ಎಂದು ಅನುಮಾನವಿದ್ದರೆ ಎರಡನ್ನೂ ತೆಗೆಯಬಹುದು. ಎರಡು ಗಂಟೆ ಮಂಜುಗಡ್ಡೆಯ ನೀರಿನಲ್ಲಿಟ್ಟರೆ ಕಾಯಿ ಬಿಗಿಯಾಗುತ್ತದೆ. ಶೇಕಡಾ 5ರ ವಿನೆಗರು ಅರ್ಧ ಲೀಟರು, ನೀರು ಅರ್ಧ ಲೀಟರು, ಅಯೋಡಿನ್ ಇಲ್ಲದ ಉಪ್ಪು 50 ಗ್ರಾಂ ಸೇರಿಸಿ ಕುದಿಸಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ವಿನೆಗರು ಅನೇಕ ವೇಳೆ ಶೇಕಡಾ 4ರದಾಗಿರುತ್ತದೆ. ಚೀಟಿ ಓದಿ ನೋಡಿ, ಹಾಗಿದ್ದಲ್ಲಿ ವಿನೆಗರು 625 ಮಿಲಿಲೀಟರಿಗೆ ನೀರು 375 ಮಾತ್ರ ಹಾಕಬೇಕು. ಹುಳಿ ಕಡಿಮೆಯಾದರೆ ರುಚಿಯ ಮಾತು ಹಾಗಿರಲಿ, ಉಪ್ಪಿನಕಾಯಿ ಸುರಕ್ಷಿತವಾಗಿ ಉಳಿಯದು. ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಗಾಜಿನ ಭರಣಿಗೆ ಬೆಳ್ಳುಳ್ಳಿ ಆರು ಎಸಳು, ಸಾಸಿವೆ ಒಂದು ಚಮಚ, ಕಾಳುಮೆಣಸು ಹತ್ತು, ಬೀಜ ಕಟ್ಟಿದ ಸಬ್ಬಸಿಗೆ ಹೂಗೊಂಚಲು ನಾಲ್ಕು ಹಾಕಿ, ಕಾಯಿ ತುಂಬಿ, ಬಿಸಿ ನೀರನ್ನು ಕಾಯಿ ಮುಳುಗುವಂತೆ ಸುರಿಯಬೇಕು. ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರಕ್ಕೆ ಹದವಾಗುತ್ತದೆ. ಒಂದು ತಿಂಗಳೊಳಗೆ ಬಳಸಿ ಮುಗಿಸಬೇಕು.

ಈ ವಿಧಾನ ಮನೆಯ ಬಳಕೆಗೆ ಮಾತ್ರ. ಫ್ರಿಜ್ ಇಲ್ಲದೆ ಹೊರಗಿಡಲು ಸೀಸೆಗಳನ್ನು ಮುಚ್ಚಿ ಕುದಿಯುವ ನೀರಿನಲ್ಲಿ ಸಂಸ್ಕರಿಸಬೇಕಾಗುತ್ತದೆ. ಅದನ್ನು ತರಬೇತಿ ಪಡೆದು ಮಾಡುವುದು ಮೇಲು. ಮಾರಲು ಬಯಸುವ ಮಹಿಳಾ ಸಂಘಗಳು ಆಹಾರ ಸುರಕ್ಷತಾ ನೋಂದಣಿ ಮಾಡಿಸಬೇಕು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಗೃಹವಿಜ್ಞಾನ ತಜ್ಞರನ್ನು ಕೇಳಿದರೆ ಎರಡರ ಬಗೆಗೂ ಮಾರ್ಗದರ್ಶನ ದೊರೆಯುತ್ತದೆ.

ಸಲಾಡು ಮಾಡಿದ ಮೇಲೆ ಭರಣಿಯಲ್ಲಿ ಉಪ್ಪುಹುಳಿ ನೀರು ಉಳಿಯುತ್ತದೆ. ಅದರಲ್ಲಿ ಮತ್ತೆ ಹೊಸ ಕಾಯಿ ಹಾಕಬೇಡಿ. ಮೊದಲ ಕಾಯಿಗಳು ಬಿಟ್ಟ ನೀರಿನಿಂದ ಹುಳಿ ತೆಳುವಾಗಿರುತ್ತದೆ. ಬೇಯಿಸಿದ ಆಲೂಗಡ್ಡೆಗೆ, ಕಡಲೆಕಾಳಿನ ಉಸುಲಿಗೆ ಎರಡು ಚಮಚ ಹಾಕಿದರೆ ನಿಂಬೆಹಣ್ಣಿನ ಖರ್ಚು ಉಳಿಯುತ್ತದೆ.